ವಾನ್‌ಸ್ಟೆಡ್ ಉದ್ಯಾನ

ವಾನ್‌ಸ್ಟೆಡ್ ಉದ್ಯಾನವು (ವಾನ್‌ಸ್ಟೆಡ್ ಪಾರ್ಕ್) ಇಂಗ್ಲೆಂಡಿನ ಲಂಡನ್ ಮಹಾನಗರದ ಪೂರ್ವಭಾಗದಲ್ಲಿ, ರೆಡ್‌ಬ್ರಿಜ್ ಆಡಳಿತ ವಿಭಾಗದಲ್ಲಿ, ರೋಡಿಂಗ್ ನದಿಯ ದಡದಲ್ಲಿರುವ ಒಂದು ಐತಿಹಾಸಿಕ ಉದ್ಯಾನ. ಸುಮಾರು 140 ಎಕರೆ ವಿಸ್ತಾರದ ಈ ಸಾರ್ವಜನಿಕ ಉದ್ಯಾನವು ಎಪ್ಪಿಂಗ್ ಅರಣ್ಯದ ಭಾಗವಾಗಿದ್ದು, ಲಂಡನ್ ನಗರ ಕಾರ್ಪೊರೇಷನ್ ಅದನ್ನು ನೋಡಿಕೊಳ್ಳುತ್ತಿದೆ. 18ನೆಯ ಶತಮಾನದಲ್ಲಿ ಇಂಗ್ಲೆಂಡಿನ ಅತ್ಯಂತ ಭವ್ಯ ಸೌಧಗಳಲ್ಲೊಂದು ಎನಿಸಿದ್ದ ವಾನ್‌ಸ್ಟೆಡ್ ಮಹಲಿಗಾಗಿ ಈ ತೋಟ, ಕೊಳ, ಸಾಲುಮರಗಳನ್ನು ರೂಪಿಸಲಾಗಿತ್ತು. ಆ ಮಹಲು ಕಟ್ಟಿ ಮುಗಿದ ನೂರು ವರ್ಷಗಳ ಆಸುಪಾಸಿನಲ್ಲೇ ಸಾಲಗಾರರ ಕೈಗೆ ಸಿಕ್ಕಿ, ಕಲ್ಲು ಮರಮುಟ್ಟುಗಳ ಬೆಲೆಗೆ ಮಾರಾಟವಾಗಿ ನೆಲಸಮವಾಯಿತು. ತೋಟ ಮಾತ್ರ ಉಳಿಯಿತು. ಮನೆಯೇ ಇಲ್ಲದ ಮನೆಯಂಗಳ ಇದು ಎಂದರೆ ತಪ್ಪಾಗಲಾರದು.

ಐತಿಹಾಸಿಕ ಉದ್ಯಾನಗಳ ರಾಷ್ಟ್ರೀಯ ಪಟ್ಟಿಯಲ್ಲಿ ವಾನ್‌ಸ್ಟೆಡ್ ಎರಡನೆಯ ದರ್ಜೆಯ ಮೇಲ್ಪಂಕ್ತಿಯಲ್ಲಿ (ಗ್ರೇಡ್ 2 ಸ್ಟಾರ್) ಸೇರಿದೆ. 2009ರಿಂದ ಅಪಾಯದಂಚಿನ ಪಾರಂಪರಿಕ ತಾಣಗಳ ಪಟ್ಟಿಯಲ್ಲಿಯೂ ಅದರ ಹೆಸರಿದೆ. ಈ ಎರಡು ಪಟ್ಟಿಗಳಲ್ಲಿಯೂ ಒಂದೇ ಸ್ಥಳ ಏಕೆ ಸೇರಿತೆಂಬುದನ್ನು ಅರಿಯಲು ಅದರ ಚರಿತ್ರೆಯನ್ನೂ ಅಲ್ಲಿನ ನೀರಿನ ವ್ಯವಸ್ಥೆಯನ್ನೂ ಒಟ್ಟಿಗೆ ನೋಡಬೇಕಾಗುತ್ತದೆ.

ಪ್ರಾಚೀನ ಚರಿತ್ರೆ

ಈ ನೆಲದಲ್ಲಿ ಜನವಸತಿ ಬಹಳ ಹಿಂದಿನದು. 1715ರ ಸುಮಾರಿಗೆ ಸಾಲುಮರ ನೆಡಲು ಗುಂಡಿ ತೋಡುತ್ತಿದ್ದಾಗ ರೋಮನ್ನರ ಕಾಲದ, ಬಣ್ಣದ ಕಲ್ಲುಚೂರುಗಳಿಂದ ಚಿತ್ರ ಬಿಡಿಸಿದ ನೆಲಗಟ್ಟೊಂದು ಗೋಚರಿಸಿತು. ನೆರೆಯ ಆಲ್ಡರ್ಸ್‌ಬ್ರೂಕ್ ಜಹಗೀರಿನ ಸ್ಮಾರ್ಟ್ ಲೆಥಿಯುಲಿಯರ್ ಎಂಬ ಪುರಾತತ್ತ್ವಾಸಕ್ತನು ಮುಂದೆ ಅದರ ವಿವರವನ್ನು ಬರೆದಿಟ್ಟನು. ತೋಟಗಾರಿಕೆಯ ಗುದ್ದಲಿಯೇ ಇಲ್ಲಿ ಮೊದಲ ಉತ್ಖನನ ನಡೆಸಿತೆನ್ನಬಹುದು. ಅದೇ ಗುದ್ದಲಿ ಆ ನೆಲಗಟ್ಟಿಗೆ ಪೆಟ್ಟನ್ನೂ ಕೊಟ್ಟಿತು.

1499ರಲ್ಲಿ ದೊರೆ ಏಳನೆಯ ಹೆನ್ರಿಯು ವಾನ್‌ಸ್ಟೆಡ್ ಜಹಗೀರನ್ನು ಪಡೆದನು. ಲಂಡನ್ನಿಗೆ ಹತ್ತಿರದಲ್ಲಿದ್ದು, ಬೇಟೆಗೆ ಅನುಕೂಲವಾದ ಅರಣ್ಯದ ಅಂಚಿನಲ್ಲಿದ್ದುದರಿಂದ ಅದು ಅರಮನೆಯವರಿಗೆ ಪ್ರಿಯವಾಗಿತ್ತು. 1553ರಲ್ಲಿ ರಾಣಿ ಮೇರಿಯು ಸಿಂಹಾಸನವನ್ನು ಪಡೆಯಲು ಲಂಡನ್ನಿಗೆ ಬರುವಾಗ ಇಲ್ಲಿ ತಂಗಿದ್ದಳು. ಮುಂದೆ ರಾಣಿ ಮೊದಲನೆಯ ಎಲಿಜಬೆತಳ ಆಪ್ತನಾದ ಲೆಸ್ಟರಿನ ಅರ್ಲ್ ರಾಬರ್ಟ್ ಡಡ್ಲಿಯ ವಶಕ್ಕೆ ವಾನ್‌ಸ್ಟೆಡ್ ಬಂದಿತು. ಅವನ ಸೋದರಳಿಯ, ಕವಿ ಫಿಲಿಪ್ ಸಿಡ್ನಿ ಬರೆದ ‘ದ ಲೇಡಿ ಆಫ್ ಮೇ’ ಎಂಬ ಕಿರುನಾಟಕವು 1578ರ ಸುಮಾರಿಗೆ ಇಲ್ಲಿಯ ತೋಟದಲ್ಲಿ ರಾಣಿಯ ಸಮ್ಮುಖದಲ್ಲಿ ಪ್ರದರ್ಶಿತವಾಯಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಲೆಸ್ಟರನು ಲೆಟಿಸ್ ನೋಲಿಸ್‌ಳನ್ನು ರಾಣಿಗೆ ತಿಳಿಯದಂತೆ ಇದೇ ಮನೆಯಲ್ಲಿ ವಿವಾಹವಾದನು. ವಿಷಯ ತಿಳಿದ ರಾಣಿ ಲೆಟಿಸಳನ್ನು ಕೊನೆಯವರೆಗೂ ಕ್ಷಮಿಸಲಿಲ್ಲ.

17ನೆಯ ಶತಮಾನದಲ್ಲಿ ಆಸ್ತಿಯು ಹಲವು ಕೈಗಳನ್ನು ಬದಲಿಸಿತು. 1619ರಿಂದ ಅದರ ಒಡೆಯನಾಗಿದ್ದ ಸರ್ ಹೆನ್ರಿ ಮಿಲ್ಡ್‌ಮೇ, ದೊರೆ ಮೊದಲನೆಯ ಚಾರ್ಲ್ಸನ ವಿಚಾರಣೆಯ ನ್ಯಾಯಮಂಡಲಿಯಲ್ಲಿ ಕುಳಿತಿದ್ದ ಕಾರಣದಿಂದ ರಾಜಪ್ರಭುತ್ವವು ಮರಳಿ ಬಂದಾಗ ಎಲ್ಲವನ್ನೂ ಕಳೆದುಕೊಂಡನು.

ಕಂಪನಿಯ ಹಣ, ಅಕ್ರೋಟಿನ ಮರಗಳು

ಇಂದು ಕಾಣುವ ಉದ್ಯಾನದ ಕಥೆ ಆರಂಭವಾಗುವುದು 1673ರಲ್ಲಿ. ಆ ವರ್ಷ ಆಸ್ತಿಯನ್ನು ಖರೀದಿಸಿದವನು ಜೊಸಾಯ ಚೈಲ್ಡ್. ಲಂಡನ್ನಿನ ವರ್ತಕನೊಬ್ಬನ ಮಗನಾದ ಈತನು ಪೋರ್ಟ್ಸ್‌ಮತ್ ಬಂದರಿನಲ್ಲಿ ನೌಕಾಪಡೆಗೆ ಆಹಾರಸಾಮಗ್ರಿಯನ್ನೂ ಬಿಯರನ್ನೂ ಪೂರೈಸುತ್ತ ಸಿರಿವಂತನಾದವನು. ಅನಂತರ ಈಸ್ಟ್ ಇಂಡಿಯಾ ಕಂಪನಿಯ ಷೇರುಗಳನ್ನು ಕೂಡಿಹಾಕಿ 1680ರ ದಶಕದಲ್ಲಿ ಅದರ ಗವರ್ನರನಾದನು. ವ್ಯಾಪಾರಶಾಸ್ತ್ರದ ಲೇಖಕನೆಂದೂ ಅವನಿಗೆ ಹೆಸರಿದೆ. ಆ ಕಾಲದಲ್ಲಿ ಕಂಪನಿಗೆ ಸೂರತ್, ಮುಂಬಯಿ, ಮದರಾಸುಗಳಲ್ಲಲ್ಲದೆ ಕನ್ನಡ ಕರಾವಳಿಯ ಕಾರವಾರದಲ್ಲಿಯೂ ಕೋಠಿಯಿದ್ದು, ಅಲ್ಲಿಂದ ಮೆಣಸು ಮತ್ತು ನವಿರಾದ ಹತ್ತಿಬಟ್ಟೆ ರಫ್ತಾಗುತ್ತಿತ್ತು. ಚೈಲ್ಡನ ಪ್ರಾಬಲ್ಯದ ಕಾಲದಲ್ಲೇ ಕಂಪನಿಯು ಮೊಗಲ್ ಚಕ್ರವರ್ತಿ ಔರಂಗಜೇಬನ ಮೇಲೆ ಯುದ್ಧ ಹೂಡಿ (1686–1690) ಸೋತು, ಒಂದೂವರೆ ಲಕ್ಷ ರೂಪಾಯಿ ದಂಡ ತೆತ್ತು ಕ್ಷಮೆ ಬೇಡಬೇಕಾಯಿತು. ಇತಿಹಾಸ ಪುಸ್ತಕಗಳಲ್ಲಿ ಇದಕ್ಕೆ ‘ಚೈಲ್ಡನ ಯುದ್ಧ’ ಎಂಬ ಹೆಸರೇ ನಿಂತಿದೆ.

ದಿನಚರಿಕಾರನೂ ವೃಕ್ಷಪ್ರೇಮಿಯೂ ಆಗಿದ್ದ ಜಾನ್ ಎವೆಲಿನ್ 1683ರ ಮಾರ್ಚಿಯಲ್ಲಿ ಇಲ್ಲಿಗೆ ಭೇಟಿ ಕೊಟ್ಟನು. ಚೈಲ್ಡನು ಅಪಾರ ವೆಚ್ಚದಲ್ಲಿ ಅಕ್ರೋಟಿನ ಮರಗಳನ್ನು ನೆಡಿಸುತ್ತಿರುವುದನ್ನೂ ಮೈಲಿಗಟ್ಟಲೆ ಸುತ್ತಳತೆಯಲ್ಲಿ ಮೀನಿನ ಕೊಳಗಳನ್ನು ತೋಡಿಸುತ್ತಿರುವುದನ್ನೂ ಅವನು ಬರೆದಿದ್ದಾನೆ. ಹಠಾತ್ತನೆ ಹಣ ಕಂಡವರು ಬಂಜರು ನೆಲವನ್ನೇ ಹುಡುಕಿ ಮನೆ ಮಾಡಿಕೊಳ್ಳುತ್ತಾರೆ ಎಂಬ ಕೊಂಕೂ ಆ ಬರಹದಲ್ಲಿದೆ. ಎವೆಲಿನ್‌ನ ಅಸಮಾಧಾನ ಏನೇ ಇರಲಿ, ನೆಲದ ಬಗೆಗಿನ ಅವನ ಮಾತು ಸರಿ. ವಾನ್‌ಸ್ಟೆಡ್‌ನದು ಬಹುಮಟ್ಟಿಗೆ ಮರಳು, ಜಲ್ಲಿಕಲ್ಲುಗಳ, ನೀರು ಹಿಡಿದಿಡದ ನೆಲ. ಅಂಥ ನೆಲದ ಮೇಲೆ ಕೊಳಗಳ ಸರಮಾಲೆಯನ್ನು ಕಟ್ಟಿದ್ದೇ ಈ ಉದ್ಯಾನದ ವೈಭವಕ್ಕೆ ಕಾರಣ. ಅದರ ಇಂದಿನ ಸಂಕಟಕ್ಕೆ ಕಾರಣವೂ ಅದೇ.

ಜೊಸಾಯ ಚೈಲ್ಡ್ 1699ರಲ್ಲಿ ತೀರಿಕೊಂಡನು. ಶಿಲ್ಪಿ ಜಾನ್ ವಾನ್ ನಾಸ್ಟ್ ಕೆತ್ತಿದ ಅವನ ಭಾರಿ ಸ್ಮಾರಕವು ಸಮೀಪದ ಸೇಂಟ್ ಮೇರಿ ಚರ್ಚಿನಲ್ಲಿದೆ.

ಮಹಲು ಮತ್ತು ತೋಟದ ರಚನೆ

1704ರಲ್ಲಿ ಆಸ್ತಿಗೆ ಒಡೆಯನಾದ ಕಿರಿಯ ಮಗ ರಿಚರ್ಡ್ ಚೈಲ್ಡ್ (ಮುಂದೆ ವೈಕೌಂಟ್ ಕ್ಯಾಸಲ್‌ಮೇನ್, 1731ರಿಂದ ಅರ್ಲ್ ಟಿಲ್ನಿ) ಮಾಡಿದ ಕ್ರಮ ಗಮನಾರ್ಹವಾದುದು. ಅವನು ಮೊದಲು ತೋಟವನ್ನು ಮಾಡಿಸಿದನು, ಆಮೇಲೆ ಮನೆಯನ್ನು ಕಟ್ಟಿಸಿದನು. 1706ರಿಂದ ಜಾರ್ಜ್ ಲಂಡನ್ ಎಂಬ ಪ್ರಖ್ಯಾತ ತೋಟಗಾರನು ಇಲ್ಲಿ ಕೆಲಸ ಮಾಡಿದನು. ಆ ಕಾಲದ ರುಚಿಯು ಫ್ರಾನ್ಸ್ ಮತ್ತು ಹಾಲೆಂಡಿನ ಮಾದರಿಯದು: ಮನೆಯ ನಡುಗೆರೆಯಿಂದ ಬಾಣದಂತೆ ಹೊರಡುವ ಸಾಲುಮರದ ದಾರಿಗಳು, ರಂಗವಲ್ಲಿಯಂತೆ ಕತ್ತರಿಸಿದ ಗಿಡ್ಡ ಪೊದೆಗಳ ಮಡಿಗಳು, ನೇರಗೆರೆಯ ಕಾಲುವೆ, ಚೆಂಡುರುಳಿಸುವ ಆಟದ ಹುಲ್ಲುಹಾಸು. ಕಿಪ್ ಮತ್ತು ನಿಫ್ ಎಂಬ ಕಲಾವಿದರು ಮುದ್ರಿಸಿದ ವಿಹಂಗಮ ಚಿತ್ರಗಳಲ್ಲಿ ಈ ಹಂತದ ತೋಟವನ್ನು ಇಂದಿಗೂ ಕಾಣಬಹುದು.

ಮನೆಯ ಸರದಿ ಬಂದದ್ದು 1715ರಲ್ಲಿ. ವಾಸ್ತುಶಿಲ್ಪಿ ಕೋಲೆನ್ ಕ್ಯಾಂಪ್‌ಬೆಲ್‌ನ ಯೋಜನೆಯಂತೆ ಸುಮಾರು 1722ರ ಹೊತ್ತಿಗೆ ಅದು ಪೂರ್ಣವಾಯಿತು. ಮುಂಭಾಗದ ಉದ್ದ ಸುಮಾರು 260 ಅಡಿ. ನಡುವೆ ಆರು ಕೊರಿಂಥಿಯನ್ ಕಂಬಗಳ ಮೇಲೆ ನಿಂತ, ದೇವಾಲಯದ ಮುಖಮಂಟಪವನ್ನು ಹೋಲುವ ತ್ರಿಕೋನಶಿಖರದ ಮಂಟಪ. 16ನೆಯ ಶತಮಾನದ ಇಟಲಿಯ ವಾಸ್ತುಶಿಲ್ಪಿ ಪಲ್ಲಾಡಿಯೋನ ಶೈಲಿಯನ್ನು ಇಂಗ್ಲೆಂಡಿನಲ್ಲಿ ಮತ್ತೆ ಬಳಕೆಗೆ ತಂದ ಮೊದಲ ಕಟ್ಟಡಗಳಲ್ಲಿ ಇದು ಪ್ರಮುಖವಾದುದು. ಕ್ಯಾಂಪ್‌ಬೆಲ್ ತನ್ನ ‘ವಿಟ್ರುವಿಯಸ್ ಬ್ರಿಟಾನಿಕಸ್’ ಗ್ರಂಥದಲ್ಲಿ ಇದರ ನಕ್ಷೆಗಳನ್ನು ಪ್ರಕಟಿಸಿದ್ದರಿಂದ ದೇಶದ ಬೇರೆ ಕಡೆಯ ಶ್ರೀಮಂತರೂ ಅದನ್ನು ಅನುಕರಿಸಿದರು. ಯಾರ್ಕ್‌ಷೈರಿನ ವೆಂಟ್‌ವರ್ತ್ ವುಡ್‌ಹೌಸ್ ಅಂಥ ಒಂದು ಉದಾಹರಣೆ. ಒಳಾಂಗಣದ ಚಾವಣಿಯ ಚಿತ್ರಗಳು ವಿಲಿಯಂ ಕೆಂಟನವು. ವಿಲಿಯಂ ಹೋಗಾರ್ತ್ 1728–31ರಲ್ಲಿ ಬಿಡಿಸಿದ ‘ವಾನ್‌ಸ್ಟೆಡ್ ಮಹಲಿನ ಕೂಟ’ ಎಂಬ ತೈಲಚಿತ್ರದಲ್ಲಿ ಒಡೆಯನ ಕುಟುಂಬವೂ ಅತಿಥಿಗಳೂ ಮನೆಯೊಳಗೆ ಕುಳಿತಿರುವುದನ್ನು ಕಾಣಬಹುದು. ಮನೆ ಹೋಯಿತು, ಚಿತ್ರವೀಗ ಅಮೆರಿಕದ ಫಿಲಡೆಲ್ಫಿಯಾ ಕಲಾ ವಸ್ತುಸಂಗ್ರಹಾಲಯದಲ್ಲಿದೆ.

ತೋಟದ ಖ್ಯಾತಿ ಎಷ್ಟಿತ್ತೆಂದರೆ ಲಂಡನ್ನಿನ ನಾಗರಿಕರು ಅದನ್ನು ನೋಡಲು ಗುಂಪುಗುಂಪಾಗಿ ಬರುತ್ತಿದ್ದರು. ಕಾದಂಬರಿಕಾರ ಡೇನಿಯಲ್ ಡೆಫೋ ತನ್ನ ಪ್ರವಾಸಗ್ರಂಥದಲ್ಲಿ, ಜನಜಂಗುಳಿ ತಾಳಲಾರದೆ ಒಡೆಯನು ವಾರಕ್ಕೆ ಒಂದೆರಡು ದಿನ ಮಾತ್ರ ತೋಟ ತೋರಿಸುವಂತೆ ಸೇವಕರಿಗೆ ಕಟ್ಟಪ್ಪಣೆ ಮಾಡಬೇಕಾಯಿತೆಂದು ಬರೆದಿದ್ದಾನೆ. ಖಾಸಗಿ ತೋಟವನ್ನು ಸಾರ್ವಜನಿಕರು ತಮ್ಮದೆಂದು ಭಾವಿಸುವ ವಾಡಿಕೆ ವಾನ್‌ಸ್ಟೆಡ್‌ನಲ್ಲಿ ಕಾನೂನಿಗಿಂತ ನೂರೈವತ್ತು ವರ್ಷ ಮುಂಚೆಯೇ ಆರಂಭವಾಗಿತ್ತು.

1720–30ರ ದಶಕಗಳಲ್ಲಿ ರುಚಿ ಬದಲಾಯಿತು. ನೇರಗೆರೆಗಳ ಬದಲು ಬಳುಕುವ ದಡಗಳು, ಕತ್ತರಿ ಹಾಕಿದ ಪೊದೆಗಳ ಬದಲು ತಮ್ಮಷ್ಟಕ್ಕೆ ಬೆಳೆದಂತೆ ತೋರುವ ತೋಪುಗಳು ಮೆಚ್ಚುಗೆ ಪಡೆದವು. ಪ್ರಕೃತಿಯೇ ಇಟ್ಟಂತೆ ಕಾಣಬೇಕು, ಆದರೆ ಪ್ರತಿಯೊಂದು ಮರವನ್ನೂ ಮನುಷ್ಯನೇ ಇಟ್ಟಿರಬೇಕು ಎಂಬುದು ಈ ಇಂಗ್ಲಿಷ್ ಭೂದೃಶ್ಯ ಪದ್ಧತಿಯ ಸಾರ. ಜಾನ್ ರೋಕ್ ಎಂಬ ನಕ್ಷೆಗಾರನ 1735ರ ನಕ್ಷೆಯಲ್ಲಿ ಈ ಎರಡೂ ಪದ್ಧತಿಗಳು ಅಕ್ಕಪಕ್ಕದಲ್ಲಿ ಕಾಣುತ್ತವೆ. ಹಳೆಯದನ್ನು ಪೂರ್ತಿ ಅಳಿಸದೆ ಅದರ ಮೇಲೆಯೇ ಹೊಸದನ್ನು ಹೆಣೆದದ್ದು ವಾನ್‌ಸ್ಟೆಡ್‌ನ ವೈಶಿಷ್ಟ್ಯ. ಇದರಿಂದಾಗಿ ಇಂಗ್ಲೆಂಡಿನ ತೋಟಗಾರಿಕೆಯ ಒಂದು ಶತಮಾನದ ಬದಲಾವಣೆಯನ್ನು ಒಂದೇ ನೆಲದ ಮೇಲೆ ಓದಬಹುದಾಗಿದೆ. ಉದ್ಯಾನಕ್ಕೆ ದೊರೆತಿರುವ ಉನ್ನತ ದರ್ಜೆಗೆ ಹೂವುಗಳ ಸೊಬಗಿಗಿಂತ ಇದೇ ಹೆಚ್ಚಿನ ಆಧಾರ.

ಕೊಳಗಳು

ಮಹಲಿನ ಪಶ್ಚಿಮಕ್ಕೆ, ಅದರ ಮುಂಬಾಗಿಲ ಎದುರಿಗೆ, ಎಂಟು ಮೂಲೆಯ ‘ಬೇಸಿನ್’ ಎಂಬ ಕೊಳವಿದೆ. ಮನೆಯ ಪ್ರತಿಬಿಂಬವನ್ನು ಹಿಡಿಯುವುದೇ ಅದರ ಉದ್ದೇಶವಾಗಿತ್ತು. ದಕ್ಷಿಣ ಮತ್ತು ಪೂರ್ವ ದಿಕ್ಕುಗಳಲ್ಲಿ ಉಳಿದ ಕೊಳಗಳು ಕಮಾನಿನಾಕಾರದಲ್ಲಿ ಹಬ್ಬಿವೆ: ಕುರಿಮಾಂಸದ ಭುಜಭಾಗದ ಆಕಾರದಿಂದ ಹೆಸರು ಪಡೆದ ‘ಶೋಲ್ಡರ್ ಆಫ್ ಮಟನ್’, ಬಕಪಕ್ಷಿಗಳ ಹೆಸರಿನ ‘ಹೆರನ್ರಿ’, ಪರ್ಚ್ ಮೀನಿನ ಹೆಸರಿನ ‘ಪರ್ಚ್’, ಕಣಿವೆಯ ಸೇತುವೆಯ ಬಳಿಯ ‘ಡೆಲ್ ಬ್ರಿಜ್’, ಕೊನೆಗೆ ರೋಡಿಂಗ್ ನದಿಗೆ ಸಮಾನಾಂತರವಾಗಿ ಚಾಚಿಕೊಂಡ ‘ಆರ್ನಮೆಂಟಲ್ ವಾಟರ್’. ಮೇಲಿನ ಕೊಳದ ಹೆಚ್ಚುವರಿ ನೀರು ಕೆಳಗಿನ ಕೊಳಕ್ಕೆ ಇಳಿಯುವಂತೆ ಇವನ್ನು ಜೋಡಿಸಲಾಗಿದೆ. ನಮ್ಮ ಕಡೆಯ ಸರಣಿ ಕೆರೆಗಳ ಕೋಡಿಯ ಏರ್ಪಾಟನ್ನು ಬಲ್ಲವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಒಂದು ವ್ಯತ್ಯಾಸವುಂಟು: ಇಲ್ಲಿಯ ನೀರು ಹೊಲಕ್ಕಾಗಿ ನಿಂತದ್ದಲ್ಲ, ಕಣ್ಣಿಗಾಗಿ ನಿಂತದ್ದು.

ಆರ್ನಮೆಂಟಲ್ ವಾಟರ್‌ನಲ್ಲಿ ಹಲವು ದ್ವೀಪಗಳಿವೆ. ವರ್ತುಲಾಕಾರದ ಕಂದಕದ ಸುತ್ತ ಪುಟ್ಟ ದ್ವೀಪಗಳನ್ನು ಜೋಡಿಸಿದ ಒಂದು ಭಾಗಕ್ಕೆ ‘ಕೋಟೆಕೊತ್ತಲ’ ಎಂಬರ್ಥದ ಹೆಸರಿದೆ. ಲಿಂಕನ್ ದ್ವೀಪವು ಬೂದುಬಣ್ಣದ ಬಕಗಳ ಗೂಡುಗಳಿಗೆ ಹಿಂದಿನಿಂದಲೂ ಪ್ರಸಿದ್ಧ.

ಗ್ರೋಟೊ ಮತ್ತು ದೇಗುಲ

ಎರಡನೆಯ ಅರ್ಲ್ ಜಾನ್ ಟಿಲ್ನಿ (1750ರಿಂದ ಒಡೆಯ) 1760ರ ಆಸುಪಾಸಿನಲ್ಲಿ ಎರಡು ಕಟ್ಟಡಗಳನ್ನು ಸೇರಿಸಿದನು. ನೀರಿನಂಚಿನ ‘ಗ್ರೋಟೊ’, ಅಂದರೆ ಕೃತಕ ಗುಹೆ, ಅವುಗಳಲ್ಲೊಂದು. ಕೆಳಗೆ ದೋಣಿ ನಿಲ್ಲಿಸುವ ಮನೆ. ಮೇಲೆ ಗುಮ್ಮಟವುಳ್ಳ ಕೋಣೆ. ಕೋಣೆಯ ಗೋಡೆಗಳನ್ನು ಚಿಪ್ಪು, ಸ್ಫಟಿಕ, ಕನ್ನಡಿಚೂರುಗಳಿಂದ ಮುಚ್ಚಲಾಗಿತ್ತು. ಗುಮ್ಮಟದ ಬಣ್ಣದ ಗಾಜಿನಿಂದ ಬೆಳಕು ಇಳಿಯುತ್ತಿತ್ತು. ನೀರಿನ ಮೇಲಿನಿಂದ ನೋಡಿದವರಿಗೆ ಅದು ಬಹುಕಾಲದ ಪಾಳುಗಲ್ಲಿನಂತೆ ತೋರಬೇಕೆಂದು ಮುಂಭಾಗವನ್ನು ಒರಟುಕಲ್ಲಿನಿಂದ ಕಟ್ಟಿದ್ದರು. 1884ರ ನವೆಂಬರಿನಲ್ಲಿ ಬೆಂಕಿ ಬಿದ್ದು ಒಳಭಾಗ ಸುಟ್ಟುಹೋಯಿತು. ಪಾಳಿನಂತೆ ಕಾಣಲೆಂದು ಕಟ್ಟಿದ ಮುಂಭಾಗವೀಗ ನಿಜವಾದ ಪಾಳಾಗಿ ನಿಂತಿದೆ.

ಇನ್ನೊಂದು ಕಟ್ಟಡ ‘ಟೆಂಪಲ್’. ಹೆಸರಿಗೆ ದೇಗುಲವಾದರೂ ಇಲ್ಲಿ ಯಾವ ದೇವರಿಗೂ ಪೂಜೆ ನಡೆದಿಲ್ಲ. ಸಾಲುಮರದ ಕೊನೆಯಲ್ಲಿ ಕಣ್ಣಿಗೊಂದು ನಿಲುಗಡೆ ಬೇಕೆಂದು ಕಟ್ಟಿದ, ಕಂಬಗಳ ಮುಖಮಂಟಪವಿರುವ ಇಟ್ಟಿಗೆಯ ಮನೆ ಇದು. ಇದರ ಬಳಿ ಅಲಂಕಾರದ ಹಕ್ಕಿಗಳನ್ನು ಸಾಕುತ್ತಿದ್ದರು. ಇದು ಸುಸ್ಥಿತಿಯಲ್ಲಿ ಉಳಿದಿದ್ದು, ಉದ್ಯಾನದ ಇತಿಹಾಸವನ್ನು ತಿಳಿಸುವ ಚಿಕ್ಕ ಪ್ರದರ್ಶನಾಲಯವಾಗಿ ಬಳಕೆಯಲ್ಲಿದೆ.

ಪತನ

ಎರಡನೆಯ ಅರ್ಲ್ ತನ್ನ ಕೊನೆಯ ವರ್ಷಗಳನ್ನು ಇಟಲಿಯಲ್ಲಿ ಕಳೆದು 1784ರಲ್ಲಿ ಮಕ್ಕಳಿಲ್ಲದೆ ತೀರಿಕೊಂಡನು. ಆಸ್ತಿಯು ಸೋದರಿಯ ಮಗನಾದ ಸರ್ ಜೇಮ್ಸ್ ಟಿಲ್ನಿ-ಲಾಂಗನಿಗೆ, ಅವನಿಂದ ಎಳೆಯ ಮಗನಿಗೆ ಬಂದಿತು. ಆ ನಡುವೆ ಕ್ರಾಂತಿಯಿಂದ ದೇಶಭ್ರಷ್ಟನಾದ ಫ್ರಾನ್ಸಿನ ರಾಜಕುಮಾರ ಕಾಂಡೆ ಕೆಲಕಾಲ ಮಹಲಿನಲ್ಲಿ ಬಾಡಿಗೆಗಿದ್ದನು. 1805ರಲ್ಲಿ ಬಾಲಕನು ತೀರಿಕೊಂಡಾಗ ಅಕ್ಕ ಕ್ಯಾಥರೀನ್ ಟಿಲ್ನಿ-ಲಾಂಗ್ ಎಲ್ಲಕ್ಕೂ ಒಡತಿಯಾದಳು. ಪ್ರಭು ಪದವಿಯಿಲ್ಲದ ಹೆಣ್ಣುಮಕ್ಕಳಲ್ಲಿ ಇಂಗ್ಲೆಂಡಿಗೇ ಈಕೆ ಅತ್ಯಂತ ಸಿರಿವಂತೆ ಎಂದು ಪತ್ರಿಕೆಗಳು ಬರೆದವು. ಮುಂದೆ ನಾಲ್ಕನೆಯ ವಿಲಿಯಂ ಎಂದು ಪಟ್ಟಕ್ಕೇರಿದ ಕ್ಲಾರೆನ್ಸಿನ ಡ್ಯೂಕನೂ ಆಕೆಯ ಕೈ ಬೇಡಿದ್ದನು.

ಕ್ಯಾಥರೀನ್ ಆರಿಸಿಕೊಂಡದ್ದು ವಿಲಿಯಂ ವೆಲ್ಲೆಸ್ಲಿ-ಪೋಲ್ ಎಂಬ ಸುಂದರಾಂಗ ತರುಣನನ್ನು. ವಿವಾಹವು 1812ರ ಮಾರ್ಚಿ 14ರಂದು ನಡೆಯಿತು. ಪತ್ನಿಯ ಮನೆತನದ ಹೆಸರುಗಳನ್ನೆಲ್ಲ ಸೇರಿಸಿಕೊಂಡು ಅವನು ವಿಲಿಯಂ ಪೋಲ್-ಟಿಲ್ನಿ-ಲಾಂಗ್-ವೆಲ್ಲೆಸ್ಲಿ ಎನಿಸಿಕೊಂಡನು. ಕನ್ನಡನಾಡಿನ ಇತಿಹಾಸ ಓದಿದವರಿಗೆ ಈ ಮನೆತನ ಅಪರಿಚಿತವಲ್ಲ. 1799ರಲ್ಲಿ ಟಿಪ್ಪುಸುಲ್ತಾನನ ವಿರುದ್ಧ ನಾಲ್ಕನೆಯ ಮೈಸೂರು ಯುದ್ಧವನ್ನು ಹೂಡಿದ ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿ ಇವನ ದೊಡ್ಡಪ್ಪ. ಶ್ರೀರಂಗಪಟ್ಟಣ ಬಿದ್ದ ಮೇಲೆ ಅದರ ಆಡಳಿತ ವಹಿಸಿಕೊಂಡು ದರಿಯಾ ದೌಲತ್‌ನಲ್ಲಿ ವಾಸವಾಗಿದ್ದ ಆರ್ಥರ್ ವೆಲ್ಲೆಸ್ಲಿ, ಅಂದರೆ ಮುಂದಿನ ವೆಲಿಂಗ್ಟನ್ ಡ್ಯೂಕ್, ಇವನ ಚಿಕ್ಕಪ್ಪ. ಹೀಗೆ ಭಾರತದ ವ್ಯಾಪಾರದ ಹಣದಿಂದ ಬೆಳೆದ ಆಸ್ತಿಯು, ಭಾರತದ ಯುದ್ಧಗಳಿಂದ ಹೆಸರು ಪಡೆದ ಮನೆತನದ ಕೈಗೆ ಸೇರಿತು.

ಆರಂಭದ ದಿನಗಳಲ್ಲಿ ದಂಪತಿಗಳು ತೋಟವನ್ನು ನವೀಕರಿಸಲು ಹೊರಟರು. ಆ ಕಾಲದ ಶ್ರೇಷ್ಠ ಭೂದೃಶ್ಯ ವಿನ್ಯಾಸಕ ಹಂಫ್ರಿ ರೆಪ್ಟನ್ 1813ರ ಸುಮಾರಿಗೆ ಇಲ್ಲಿಗೆ ಸಲಹೆ ನೀಡಿದನು. ಹಿಂದಿನ ತಲೆಮಾರಿನವರು ಹುಲ್ಲುಗಾವಲನ್ನು ಮನೆಯ ಗೋಡೆಯವರೆಗೂ ತಂದಿದ್ದರೆ, ರೆಪ್ಟನ್ ಮನೆಯ ಸಮೀಪದಲ್ಲಿ ಜಗಲಿಯನ್ನೂ ಹೂಮಡಿಗಳನ್ನೂ ಮತ್ತೆ ತಂದವನು. ವಾನ್‌ಸ್ಟೆಡ್ ಅವನ ಕೊನೆಯ ದೊಡ್ಡ ಕೆಲಸಗಳಲ್ಲೊಂದು. ಆದರೆ ಗಿಡಗಳು ಬೇರು ಬಿಡುವ ಮೊದಲೇ ಒಡೆಯನ ಹಣ ಕರಗತೊಡಗಿತು.

ಜೂಜು, ಚುನಾವಣೆಯ ಖರ್ಚು, ಔತಣಗಳು, ಎಲ್ಲವೂ ಸಾಲದ ಮೇಲೆ ನಡೆದವು. ಹತ್ತು ವರ್ಷದಲ್ಲಿ ಪರಿಸ್ಥಿತಿ ಕೈಮೀರಿ ವಿಲಿಯಂ ಯೂರೋಪಿಗೆ ಓಡಿದನು. ನೆಲವು ಮನೆತನದ ಒಪ್ಪಂದಪತ್ರದ ಪ್ರಕಾರ ಮುಂದಿನ ಪೀಳಿಗೆಗೆ ಮೀಸಲಾಗಿದ್ದುದರಿಂದ ಅದನ್ನು ಮಾರುವಂತಿರಲಿಲ್ಲ. ಸಾಲಗಾರರ ಕೈಗೆ ಸಿಕ್ಕಬಹುದಾದದ್ದು ನೆಲದ ಮೇಲಿನ ವಸ್ತುಗಳು. 1822ರ ಜೂನ್ ತಿಂಗಳಲ್ಲಿ ಜಾರ್ಜ್ ರಾಬಿನ್ಸ್ ಎಂಬ ಹೆಸರಾಂತ ಹರಾಜುದಾರನು ಮಹಲಿನ ಪೀಠೋಪಕರಣ, ಚಿತ್ರ, ವಿಗ್ರಹ, ಪುಸ್ತಕ, ಪಾತ್ರೆಪಡಗಗಳನ್ನು 32 ದಿನಗಳ ಕಾಲ ಹರಾಜು ಹಾಕಿದನು. ಬಂದ ಹಣ ಸುಮಾರು 41,000 ಪೌಂಡ್. ಅದೂ ಸಾಲದಾಯಿತು. ಮಹಲನ್ನೇ ಕಟ್ಟಡ ಸಾಮಗ್ರಿಯಾಗಿ ಸುಮಾರು 10,000 ಪೌಂಡಿಗೆ ಮಾರಲಾಯಿತು. ಮನೆಗೂ ತೋಟಕ್ಕೂ ಕೂಡಿ ಸುರಿದ ಹಣ 3,60,000 ಪೌಂಡ್ ಎಂದು ರೂಢಿಯಲ್ಲಿ ಹೇಳುತ್ತಾರೆ. 1825ರ ಹೊತ್ತಿಗೆ ಕಲ್ಲುಗಳು ಗಾಡಿಯೇರಿ ಹೋಗಿ, ಅಡಿಪಾಯದ ಹಳ್ಳ ಮಾತ್ರ ಉಳಿಯಿತು.

ಅದೇ 1825ರ ಸೆಪ್ಟೆಂಬರಿನಲ್ಲಿ ಕ್ಯಾಥರೀನ್ ತೀರಿಕೊಂಡಳು. ಅಷ್ಟರಲ್ಲಿ ವಿಲಿಯಂ ಇನ್ನೊಬ್ಬ ಸ್ತ್ರೀಯೊಂದಿಗೆ ಬಹಿರಂಗವಾಗಿಯೇ ಬದುಕುತ್ತಿದ್ದನು. ತಾಯಿಯಿಲ್ಲದ ಮೂವರು ಮಕ್ಕಳನ್ನು ಆಕೆಯ ಸೋದರಿಯರು ತಂದೆಗೆ ಒಪ್ಪಿಸಲು ನಿರಾಕರಿಸಿದರು. ಪ್ರಕರಣವು ಚಾನ್ಸರಿ ನ್ಯಾಯಾಲಯಕ್ಕೆ ಹೋಯಿತು. 1827ರಲ್ಲಿ ಲಾರ್ಡ್ ಎಲ್ಡನ್, ತಂದೆಯ ನಡತೆಯಿಂದ ಮಕ್ಕಳಿಗೆ ಕೆಡುಕಾಗುವುದೆಂದು ಅವನಿಗೆ ಮಕ್ಕಳ ಪಾಲನೆಯ ಹಕ್ಕನ್ನು ನಿರಾಕರಿಸಿದನು. ಮರುವರ್ಷ ಪ್ರಭುಗಳ ಸಭೆಯೂ ಅದನ್ನು ಎತ್ತಿಹಿಡಿಯಿತು. ತಂದೆಯ ಮಾತೇ ಅಂತಿಮವೆನಿಸಿದ್ದ ಕಾಲದಲ್ಲಿ ಮಕ್ಕಳ ಹಿತವನ್ನು ಮುಂದಿಟ್ಟ ಈ ತೀರ್ಪನ್ನು ಕಾನೂನಿನ ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. ವಿಲಿಯಂ 1857ರಲ್ಲಿ ಲಂಡನ್ನಿನಲ್ಲಿ ನಿರ್ಗತಿಕಪ್ರಾಯನಾಗಿ ಮೃತನಾದನು.

ಸಾರ್ವಜನಿಕ ಉದ್ಯಾನವಾದದ್ದು

ಮನೆತನದ ಮುಂದಿನ ವಾರಸುದಾರನು 1863ರಲ್ಲಿ ತೀರಿಕೊಂಡಾಗ ಆಸ್ತಿಯನ್ನು ತಂದೆಯ ದಾಯಾದಿಯಾದ ಅರ್ಲ್ ಕೌಲಿಗೆ ಬರೆದಿಟ್ಟನು. ಈ ಕೌಲಿಯ ತಂದೆ ಹೆನ್ರಿ ವೆಲ್ಲೆಸ್ಲಿ, ಟಿಪ್ಪುವಿನ ಮರಣಾನಂತರ ಮೈಸೂರು ರಾಜ್ಯವನ್ನು ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಒಪ್ಪಿಸುವ ವ್ಯವಸ್ಥೆ ಮಾಡಿದ ಐವರ ಆಯೋಗದ ಸದಸ್ಯನಾಗಿದ್ದವನು.

ಆ ಹೊತ್ತಿಗೆ ಲಂಡನ್ ನಗರವು ಪೂರ್ವಕ್ಕೆ ಬೆಳೆಯುತ್ತ ಬಂದು, ಅರಣ್ಯದಂಚಿನ ಜಮೀನುದಾರರು ಬಯಲುಗಳಿಗೆ ಬೇಲಿ ಹಾಕಿ ಮನೆ ನಿವೇಶನಗಳಾಗಿ ಮಾರತೊಡಗಿದ್ದರು. ದನ ಮೇಯಿಸುವ, ಸೌದೆ ತರುವ, ತಿರುಗಾಡುವ ಪೂರ್ವಾರ್ಜಿತ ವಾಡಿಕೆಗಳು ಅಳಿಯುವಂತಾದವು. 1871ರ ಜುಲೈ 8ರಂದು ಉದ್ಯಾನಕ್ಕೆ ಹೊಂದಿಕೊಂಡ ವಾನ್‌ಸ್ಟೆಡ್ ಬಯಲಿನಲ್ಲಿ ಪೂರ್ವ ಲಂಡನ್ನಿನ ಸಾವಿರಾರು ಜನ ನೆರೆದು ಪ್ರತಿಭಟಿಸಿದರು, ಬೇಲಿಗಳನ್ನು ಕಿತ್ತೆಸೆದರು. ಲಂಡನ್ ನಗರ ಕಾರ್ಪೊರೇಷನ್ ಇವರ ಪರವಾಗಿ ನ್ಯಾಯಾಲಯಕ್ಕೆ ಹೋಯಿತು. ನಗರದ ಎಲ್ಲೆಯಿಂದ ಮೈಲಿಗಳಾಚೆಯ ಅರಣ್ಯದ ಬಗ್ಗೆ ದಾವೆ ಹೂಡಲು ಅದಕ್ಕೇನು ಹಕ್ಕು? 1850ರ ದಶಕದಲ್ಲಿ ಅದು ಸಮಾಧಿಭೂಮಿಗಾಗಿ ಆಲ್ಡರ್ಸ್‌ಬ್ರೂಕಿನಲ್ಲಿ ಜಮೀನು ಕೊಂಡಿತ್ತು. ಆ ಜಮೀನಿನೊಡನೆ ಅರಣ್ಯದಲ್ಲಿ ದನ ಮೇಯಿಸುವ ಹಕ್ಕೂ ಬಂದಿತ್ತು. ಸ್ಮಶಾನದ ಜಮೀನಿನಿಂದ ಬಂದ ಈ ಮೇವಿನ ಹಕ್ಕಿನ ಬಲದ ಮೇಲೆ 1874ರಲ್ಲಿ ಮೊಕದ್ದಮೆ ಗೆದ್ದಿತು. 1878ರ ಎಪ್ಪಿಂಗ್ ಅರಣ್ಯ ಕಾಯಿದೆಯು ಕಾರ್ಪೊರೇಷನ್ನನ್ನು ಅರಣ್ಯಪಾಲಕನನ್ನಾಗಿ ನೇಮಿಸಿತು. ಖರ್ಚಿನ ಬಹುಭಾಗವು ನಗರಕ್ಕೆ ಬರುವ ಧಾನ್ಯದ ಮೇಲಿನ ಸುಂಕದಿಂದ ಬಂತು.

ವಾನ್‌ಸ್ಟೆಡ್ ಉದ್ಯಾನವು ಅರಣ್ಯದ ಬಯಲಲ್ಲ, ಖಾಸಗಿ ತೋಟ. ಆದ್ದರಿಂದ ಅದನ್ನು ಪ್ರತ್ಯೇಕವಾಗಿ ಕೊಳ್ಳಬೇಕಾಯಿತು. 1880ರಲ್ಲಿ ಅರ್ಲ್ ಕೌಲಿಯಿಂದ 184 ಎಕರೆ ಪಡೆಯಲು ಒಪ್ಪಂದವಾಗಿ, 1882ರ ಆಗಸ್ಟ್ 1ರಂದು ಉದ್ಯಾನವು ಸಾರ್ವಜನಿಕರಿಗೆ ತೆರೆಯಿತು. ಒಮ್ಮೆ ಕೋಟ್ಯಧೀಶರ ಸಾಲವು ಮನೆಯನ್ನು ನುಂಗಿತ್ತು. ಆದರೆ ನೆಲವನ್ನು ಮಾರಬಾರದೆಂಬ ಅದೇ ಹಳೆಯ ಒಪ್ಪಂದಪತ್ರವಿರದಿದ್ದರೆ ಜನರಿಗೆ ಕೊಡಲು ಈ ತೋಟವೂ ಉಳಿಯುತ್ತಿರಲಿಲ್ಲ.

ಇಂದಿನ ಸ್ಥಿತಿ

ಮಹಲಿದ್ದ ಜಾಗ ಸಾರ್ವಜನಿಕ ಉದ್ಯಾನದೊಳಗಿಲ್ಲ. ಅದು 1893ರಲ್ಲಿ ಸ್ಥಾಪಿತವಾದ ವಾನ್‌ಸ್ಟೆಡ್ ಗಾಲ್ಫ್ ಕ್ಲಬ್ಬಿನ ಮೈದಾನದಲ್ಲಿದ್ದು, ಅಡಿಪಾಯ ಕಿತ್ತ ತಗ್ಗು ಹುಲ್ಲಿನಡಿ ಇಂದಿಗೂ ತಿಳಿಯುತ್ತದೆ. ಮಹಲಿನ ಕುದುರೆಲಾಯವೇ ಈಗ ಕ್ಲಬ್ಬಿನ ಕಟ್ಟಡ. ಬೇಸಿನ್ ಕೊಳವೂ ಅಲ್ಲಿಯೇ ಇದೆ. ಓವರ್ಟನ್ ರಸ್ತೆಯ ಆರಂಭದಲ್ಲಿ ರಿಚರ್ಡ್ ಚೈಲ್ಡನ ಹೆಸರಿನ ಅಕ್ಷರಗಳನ್ನು ಹೆಣೆದು ಕೆತ್ತಿದ ಎರಡು ಹೆಬ್ಬಾಗಿಲ ಕಂಬಗಳು ನಿಂತಿವೆ; ಅವುಗಳ ನಡುವೆ ಹೋದವರಿಗೆ ಈಗ ಎದುರಾಗುವುದು ಸಾಮಾನ್ಯ ವಸತಿ ಬಡಾವಣೆ.

ಮಹಲಿನ ಜಾಗದಿಂದ ಆರ್ನಮೆಂಟಲ್ ವಾಟರ್‌ನತ್ತ ಇಳಿಯುವ ‘ಗ್ಲೇಡ್’ ಎಂಬ ಉದ್ದನೆಯ ಬಯಲುದಾರಿ ಹಳೆಯ ವಿನ್ಯಾಸದ ನಡುಗೆರೆಯನ್ನು ತೋರಿಸುತ್ತದೆ. ಅದರ ಒಂದು ತುದಿಯಲ್ಲಿ ನೀರಿದೆ, ಇನ್ನೊಂದು ತುದಿಯಲ್ಲಿ ಏನೂ ಇಲ್ಲ. ಟೆಂಪಲ್ಲಿನ ಬಳಿ ಹಳೆಯ ಚೆಸ್ಟ್‌ನಟ್ ಮರಗಳಿವೆ. ಶಾಲೆ ವುಡ್ ಎಂಬ ತೋಪಿನಲ್ಲಿ ಏಪ್ರಿಲ್ ಕೊನೆಯ ಹೊತ್ತಿಗೆ ನೀಲಿ ಬ್ಲೂಬೆಲ್ ಹೂಗಳು ನೆಲ ಕಾಣದಂತೆ ಅರಳುತ್ತವೆ. ತುಳಿದರೆ ವರ್ಷಗಟ್ಟಲೆ ಚೇತರಿಸದ ಈ ಗಿಡಗಳ ರಕ್ಷಣೆಗೆ ದಾರಿಯ ಎರಡೂ ಬದಿಗೆ ಮರದ ದಿಮ್ಮಿಗಳನ್ನು ಇಡಲಾಗಿದೆ.

ಉದ್ಯಾನವು ಅಪಾಯದಂಚಿನ ಪಟ್ಟಿಗೆ ಸೇರಲು ಮುಖ್ಯ ಕಾರಣ ನೀರು. ಕೊಳಗಳ ತಳ ಸೋರುತ್ತದೆ, ಸಹಜ ಒಳಹರಿವು ಸಾಲದು. ಹೆರನ್ರಿ ಕೊಳಕ್ಕೆ ಕೊಳವೆಬಾವಿಯಿಂದ ನೀರೆತ್ತಿ ಹಾಯಿಸುತ್ತಾರೆ. ಕೊನೆಯ ಕೊಳವಾದ ಆರ್ನಮೆಂಟಲ್ ವಾಟರ್ ಒಣ ಬೇಸಗೆಗಳಲ್ಲಿ ಕೆಸರು ತೋರುವಷ್ಟು ಇಳಿಯುತ್ತದೆ. ನೀರು ತುಂಬಿಸಿಬಿಟ್ಟರೆ ಸಮಸ್ಯೆ ಮುಗಿಯುವುದೂ ಇಲ್ಲ. ದೊಡ್ಡ ಕೊಳಗಳು 1975ರ ಜಲಾಶಯ ಕಾಯಿದೆಯ ವ್ಯಾಪ್ತಿಗೆ ಬರುವುದರಿಂದ, ಮುನ್ನೂರು ವರ್ಷದ ಮಣ್ಣಿನ ಏರಿಗಳು ಇಂದಿನ ಸುರಕ್ಷತಾ ಮಟ್ಟವನ್ನು ಮುಟ್ಟಬೇಕು; ಏರಿಯನ್ನು ಬಲಪಡಿಸುವಾಗ ಅದರ ಮೇಲಿನ ಹಳೆಯ ಮರಗಳ ಗತಿ ಏನೆಂಬ ಪ್ರಶ್ನೆಯೂ ಏಳುತ್ತದೆ. ಮೇಲಾಗಿ ಮೂಲ ತೋಟವು ಕಾರ್ಪೊರೇಷನ್, ಗಾಲ್ಫ್ ಕ್ಲಬ್, ಚರ್ಚು, ಸ್ಥಳೀಯ ಆಡಳಿತಗಳ ನಡುವೆ ಹಂಚಿಹೋಗಿದೆ. ನೀರಿನ ಸರಣಿ ಒಂದೇ, ಒಡೆಯರು ಹಲವರು. ಒಬ್ಬರ ಪಾಲಿನ ಕೊಳವನ್ನು ಮಾತ್ರ ಸರಿಪಡಿಸಿ ಪ್ರಯೋಜನವಿಲ್ಲದಿರುವುದೇ ದುರಸ್ತಿಯನ್ನು ಕಷ್ಟವಾಗಿಸಿದೆ. ಸ್ಥಳೀಯ ಸ್ವಯಂಸೇವಕರ ಸಂಘಗಳು ಇತಿಹಾಸ ನಡಿಗೆ, ಹಕ್ಕಿಗಳ ಗಣತಿ, ಪೊದೆ ತೆರವುಗಳ ಮೂಲಕ ಉದ್ಯಾನದ ಬಗ್ಗೆ ಆಸಕ್ತಿಯನ್ನು ಜೀವಂತವಾಗಿಟ್ಟಿವೆ.

ತಲುಪುವ ಬಗೆ

ಪ್ರವೇಶಕ್ಕೆ ಶುಲ್ಕವಿಲ್ಲ. ಸೆಂಟ್ರಲ್ ಮಾರ್ಗದ ಸುರಂಗರೈಲಿನ ವಾನ್‌ಸ್ಟೆಡ್ ನಿಲ್ದಾಣದಿಂದ (1947ರಲ್ಲಿ ಆರಂಭ) ನಡೆದು ಹೋಗಬಹುದು. ‘ವಾನ್‌ಸ್ಟೆಡ್ ಪಾರ್ಕ್’ ಎಂಬ ಹೆಸರಿನ ಇನ್ನೊಂದು ರೈಲು ನಿಲ್ದಾಣವೂ ಇದೆ. 1894ರಲ್ಲಿ ತೆರೆದ ಅದು ಇರುವುದು ಫಾರೆಸ್ಟ್ ಗೇಟ್ ಎಂಬ ಬೇರೆಯೇ ಬಡಾವಣೆಯಲ್ಲಿ. ಹೆಸರನ್ನು ನಂಬಿ ಅಲ್ಲಿಳಿದವರು ವಾನ್‌ಸ್ಟೆಡ್ ಬಯಲನ್ನು ದಾಟಿ ಉತ್ತರಕ್ಕೆ ಸಾಕಷ್ಟು ದೂರ ನಡೆಯಬೇಕಾಗುತ್ತದೆ.